ನಾಲ್ಕು ಮಗ್ಗಕ್ಕೊಂದು ಬಝರ್

ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಶೆಡ್ಡಿನಲ್ಲಿ ನಾನೊಬ್ಬನೇ ಉಳಿದೆ. ಜೊತೆಗಾರ ಅಲ್ಲಿ ಲಗೇಜ್ ಎತ್ತುವ ಕೆಲಸ ಹಿಡಿದು ಹೋದ. ಇಬ್ಬರು ನೋಡಿಕೊಳ್ಳುತ್ತಿದ್ದ ನಾಲ್ಕು ಪವರ್‌ಲೂಮ್ ನನ್ನೊಬ್ಬನ ತಲೆಗೆ ಬಿದ್ದವು.

“ಒಬ್ಬನ ಕೈಲಿ ಆಗ್ದಿದ್ರೆ ಹೇಳ್ಬಿಡಪ್ಪಾ, ಎರಡು ಮಾರ್ಬಿಡ್ತೀನಿ,” ಎಂದರು ಯಜಮಾನರು.

“ಆಗ್ತೈತೆ ಬಿಡಿ,” ಎಂದುಬಿಟ್ಟೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಆದರೆ ಕೈಕೆಲಸದಲ್ಲಿ ಆಗಲ್ಲ ಎಂದವನಲ್ಲ.

ಕಷ್ಟವಿದ್ದದ್ದು ಸೀರೆಯ ಅಂಚಿನ ಎಳೆಗಳಲ್ಲಿ. ಒಂದು ಮಗ್ಗದಲ್ಲಿ ಎಳೆ ಹರಿದದ್ದು ಇನ್ನೊಂದರ ಮುಂದೆ ನಿಂತವನಿಗೆ ಕಾಣದು. ನೋಡುವಷ್ಟರಲ್ಲಿ ಗೇಣುದ್ದ ನೇಯ್ಗೆ ಕೆಟ್ಟಿರುತ್ತದೆ. ಹಳೇ ರೇಡಿಯೋ ಬಿಚ್ಚಿ ಜೋಡಿಸುವ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಎಳೆಗಳಿಗೆ ತೆಳು ತಗಡು ತೂಗುಹಾಕಿದೆ. ಎಳೆ ಹರಿದರೆ ತಗಡು ಕೆಳಗೆ ಕೂರಿಸಿದ ತಾಮ್ರದ ಪಟ್ಟಿಗೆ ಬಿದ್ದು, ಕರೆಂಟು ಹರಿದು ಗೋಡೆಯ ಬಝರ್ ಕೂಗಬೇಕು. ಕರೆಂಟಿಗೆ ಮೊಬೈಲಿನ ಹಳೇ ಚಾರ್ಜರು.

ಮನೆಯಲ್ಲಿ ಅಂಗೈಯಲ್ಲಿಟ್ಟುಕೊಂಡು ನೋಡಿದರೆ ಕೂಗುತ್ತಿತ್ತು. ಶೆಡ್ಡಿನ ಗೋಡೆಗೆ ತಗುಲಿಹಾಕಿದರೆ ತುಟಿಪಿಟಕ್ಕೆನ್ನದು. ನೂಲಿನ ಧೂಳಿರಬೇಕೆಂದು ಒರೆಸಿದೆ. ಮಗ್ಗ ಅದುರಿ ವೈರು ಬಿಟ್ಟಿರಬೇಕೆಂದು ಮತ್ತೆ ಬೆಸುಗೆ ಹಾಕಿದೆ. ಚಾರ್ಜರು ಬದಲಾಯಿಸಿದೆ, ಮೂರನೇ ಬಝರ್ ತಂದೆ. ರೇಡಿಯೋ ಅಂಗಡಿಯವನನ್ನು ಕೇಳಬಹುದಿತ್ತು, ಕೇಳಲಿಲ್ಲ. ಅಷ್ಟರಲ್ಲಿ ಎರಡು ಸೀರೆ ಕೆಟ್ಟವು.

ಒಂದು ಮಧ್ಯಾಹ್ನ, ಎದುರು ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಹೆಂಗಸು ಬುಟ್ಟಿ ಕೊಡಲು ಬಂದವಳು ಬಾಗಿಲಲ್ಲೇ ಕಿವಿ ಮುಚ್ಚಿಕೊಂಡಳು. ಮಗ್ಗದ ಸದ್ದಿಗೆ ಎಂದೂ ಹಾಗೆ ಮಾಡಿದವಳಲ್ಲ. ಏನೆಂದು ತಿಳಿಯದೆ ಮಗ್ಗಗಳನ್ನು ನಿಲ್ಲಿಸಿದೆ.

“ಏನಣ್ಣಾ ಅದು, ಕುಯ್ಯೋ ಅಂತ ಬಡ್ಕೊಳ್ತೈತೆ? ನಿನ್ನೇನೂ ಇಂಗೇ. ರೋಡಿಗೇ ಕೇಳ್ತೈತೆ!”

“ಯಾವ್ದು?”

“ಗೋಡೆ ಮೇಲಿಂದು! ಈಗ್ಲೂ ಕೂಗ್ತಾನೇ ಐತಲ್ಲ!”

ಗೋಡೆಯ ಹತ್ತಿರ ಹೋಗಿ ಕಿವಿಯಿಟ್ಟೆ. ಸೊಳ್ಳೆಯಷ್ಟು ಸಣ್ಣಗೆ, ಕೀಂ ಎನ್ನುತ್ತಿತ್ತು. ಮೂರು ಬಝರುಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ಇಷ್ಟು ವರ್ಷ ಮಗ್ಗಗಳ ನಡುವೆ ನಿಂತ ನನ್ನ ಕಿವಿ ಕೆಟ್ಟಿತ್ತು.

“ಕೇಳ್ತಿಲ್ವೇನಣ್ಣಾ?”

“ಕೇಳ್ತೈತೆ ಹೋಗಮ್ಮ. ಟೆಸ್ಟಿಂಗ್ ಮಾಡ್ತಿದ್ದೆ.”

ಮಾರನೇ ದಿನ ಬಝರ್ ಕಿತ್ತು ಪುಟ್ಟ ಕೆಂಪು ಬಲ್ಬು ಹಾಕಿದೆ. ಎಳೆ ಹರಿದಾಗ ಹತ್ತಿತು. ಓಡಿಹೋಗಿ ಗಂಟು ಹಾಕಿದೆ. ತಿಂಗಳು ನೋಡಿದ ಯಜಮಾನರು ಮಗ್ಗ ಮಾರುವ ಮಾತು ಬಿಟ್ಟರು. ಬಝರ್ ಯಾಕೆ ತೆಗೆದೆ ಎಂದು ಕೇಳಿದರು. ಅದನ್ನೂ ಅವರ ತುಟಿ ನೋಡಿಯೇ ತಿಳಿದುಕೊಂಡೆ.

“ಬಲ್ಬೇ ವಾಸಿ ಸಾರ್,” ಎಂದೆ.

ಜೊತೆಗಾರನಿಗಾದರೂ ನಿಜ ಹೇಳೋಣವೆನಿಸುತ್ತಿತ್ತು. ಆ ಭಾನುವಾರ ಅವನೇ ಏರ್‌ಪೋರ್ಟಿನಿಂದ ಫೋನ್ ಮಾಡಿ, ನಗುತ್ತ ಏನೇನೋ ಹೇಳಿದ.

“ಲೈನ್ ಸರಿಯಿಲ್ಲ ಕಣೋ,” ಎಂದೆ. “ಜೋರಾಗಿ ಹೇಳು.”