ಟೆರೇಸ್ ರೂಮಿಗೆ ವೈಫೈ ತಲುಪಿಸಿದ್ದು

ಹೆಬ್ಬಗೋಡಿಯಲ್ಲಿ ನಾನು ಬಾಡಿಗೆಗಿದ್ದ ಕಟ್ಟಡದ ಟೆರೇಸಿನಲ್ಲಿ ಒಂದೇ ಒಂದು ರೂಮಿತ್ತು. ಅಲ್ಲಿಗೆ ವಿಜಯಪುರದ ಕಡೆಯ ಹುಡುಗಿಯೊಬ್ಬಳು ಬಂದಳು. ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಅವಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಹುಬ್ಬಳ್ಳಿಗೆ ಮದುವೆಯಾಗಿ ಹೋಗಿದ್ದ ಅವಳ ಅಕ್ಕನಿಗೂ ಅಷ್ಟೆ. ಇಬ್ಬರೂ ಕೈಸನ್ನೆಯಲ್ಲೇ ಮಾತಾಡಿಕೊಂಡು ಬೆಳೆದವರು. ಮೆಸೇಜು ಕಳಿಸಿಕೊಳ್ಳುತ್ತಿದ್ದರು, ನಿಜ. ಆದರೆ ಮನಸ್ಸು ಬಿಚ್ಚಿ ಮಾತಾಡಬೇಕೆಂದರೆ ಅವರಿಗೆ ವಿಡಿಯೋ ಕಾಲೇ ಬೇಕು.

ಇಂಟರ್ನೆಟ್ ಇದ್ದದ್ದು ಕೆಳಗೆ, ಓನರ್ ಮನೆಯಲ್ಲಿ. ಓನರಮ್ಮ ಆ ಊರಿನ ಹಳೇ ಕುಟುಂಬದವರು. ಪಾಸ್‌ವರ್ಡನ್ನು ಬಾಡಿಗೆಯವರಿಗೆಲ್ಲ ತಾವಾಗಿಯೇ ಕೊಟ್ಟಿದ್ದರು. ಅವರ ರೂಟರಿನ ಸಿಗ್ನಲ್ ಮೊದಲ ಮಹಡಿಯ ನನ್ನ ಮನೆಗೆ ಬರುತ್ತಿತ್ತು, ಟೆರೇಸು ಮುಟ್ಟುವಷ್ಟರಲ್ಲಿ ಸೊರಗುತ್ತಿತ್ತು. ಒಂದು ಭಾನುವಾರ ಬಟ್ಟೆ ಒಣಹಾಕಲು ಮೇಲೆ ಹೋದಾಗ ಹುಡುಗಿ ಫೋನನ್ನು ಎತ್ತಿ ಹಿಡಿದು ಅತ್ತಿಂದಿತ್ತ ನಡೆಯುತ್ತಿದ್ದಳು. ಪರದೆಯಲ್ಲಿ ಅಕ್ಕನ ಕೈ ಗಾಳಿಯಲ್ಲೇ ನಿಂತುಬಿಟ್ಟಿತ್ತು. ನನ್ನತ್ತ ತಿರುಗಿ ಟೈಪ್ ಮಾಡಿ ತೋರಿಸಿದಳು: "ಅರ್ಧ ಮಾತಿಗೇ ನಿಲ್ಲುತ್ತೆ ಮೇಡಂ. ಬೈತಾಳೋ ನಗ್ತಾಳೋ ಗೊತ್ತಾಗಲ್ಲ."

ನನ್ನ ಹಿಂದಿನ ಮನೆಯ ರೂಟರೊಂದು ಅಟ್ಟದಲ್ಲಿ ಬಿದ್ದಿತ್ತು. ಓನರಮ್ಮನನ್ನು ಕೇಳಿ, ಕೆಳಗಿನ ರೂಟರಿನಿಂದ ಮೆಟ್ಟಿಲ ಪಕ್ಕದಲ್ಲಿ ಕೇಬಲ್ ಎಳೆದು, ಮೇಲೆ ಹುಡುಗಿಯ ರೂಮಿನಲ್ಲಿಟ್ಟ ಆ ಹಳೇ ರೂಟರಿಗೆ ಸಿಕ್ಕಿಸಿದೆ. ಹುಡುಗಿಯ ಫೋನಿನಲ್ಲಿ ಸಿಗ್ನಲ್ ತುಂಬಿ ಬಂತು, ಇಂಟರ್ನೆಟ್ ಮಾತ್ರ ಇಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಓನರಮ್ಮನ ಕೂಗು.

"ಏನವ್ವ ಇದು, ನೀನು ಮ್ಯಾಲೆ ಡಬ್ಬ ಇಕ್ಕಿದ್ದೇ ಇಕ್ಕಿದ್ದು, ನಮ್ದೂ ಓಯ್ತಲ್ಲ!"

ಮೇಲಿನ ಕೇಬಲ್ ಕಿತ್ತರೆ ಕೆಳಗಿನದು ಸರಿಹೋಗುತ್ತಿತ್ತು. ಸಿಕ್ಕಿಸಿದರೆ ಮತ್ತೆ ಕೆಡುತ್ತಿತ್ತು. ಎರಡರಲ್ಲಿ ಯಾವುದೂ ಹಾಳಾಗಿಲ್ಲ, ಒಟ್ಟಿಗೆ ಹೊಂದುತ್ತಿಲ್ಲ ಅಷ್ಟೆ ಎಂದು ಆಗ ಹೊಳೆಯಿತು. ಮೆಟ್ಟಿಲ ಮೇಲೆಯೇ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತೆ. ರೂಟರ್ ತನ್ನನ್ನು ಸೇರಿದ ಪ್ರತಿ ಫೋನಿಗೂ ಒಂದು ವಿಳಾಸ ಕೊಡುತ್ತದೆ. ಇಲ್ಲಿ ಎರಡೂ ಕೊಡುತ್ತಿದ್ದವು. ಸಾಲದ್ದಕ್ಕೆ ಎರಡರ ಸ್ವಂತ ವಿಳಾಸವೂ ಒಂದೇ ಆಗಿತ್ತು.

"ಏನಾಗೈತೆ?" ಓನರಮ್ಮ ಮೆಟ್ಟಿಲ ಕೆಳಗೆ ಬಂದು ನಿಂತರು.

"ಆಂಟಿ, ನಮ್ಮ ಬೀದೀಲಿ ಮನೆಗಳಿಗೆ ಹಳೇ ನಂಬರು, ಹೊಸ ನಂಬರು ಅಂತ ಎರಡೆರಡು ಇವೆಯಲ್ಲ, ಕೊರಿಯರ್‌ನವ್ರು ಸುತ್ತಿ ಸುತ್ತಿ ವಾಪಸ್ ಹೋಗ್ತಾರಲ್ಲ, ಹಂಗೆ ಆಗಿದೆ."

"ಅಂಗಾದ್ರೆ ಒಂದನ್ನ ಅಳಿಸಾಕು," ಎಂದರು.

ಅದಕ್ಕೆ ದಾರಿಯೂ ಇತ್ತು. ನನ್ನ ರೂಟರಿನ ಸೆಟ್ಟಿಂಗ್ಸಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂದಿತ್ತು. ಅದನ್ನು ಆರಿಸಿದರೆ ರೂಟರ್ ವಿಳಾಸ ಹಂಚುವುದನ್ನು ಬಿಟ್ಟು, ಕೇಬಲಿನಲ್ಲಿ ಬಂದದ್ದನ್ನು ವೈಫೈ ಮಾಡಿ ಕೊಡುತ್ತದೆ. ಉಳಿದ ಯಜಮಾನಿಕೆಯೆಲ್ಲ ಕೆಳಗಿನ ರೂಟರಿಗೇ. ಆರಿಸಿದೆ. ಮೇಲಿನ ರೂಟರಿನ ದೀಪಗಳೆಲ್ಲ ಆರಿ, ಮತ್ತೆ ಹತ್ತಿದವು. ಓನರಮ್ಮನ ಕೈಯಲ್ಲಿದ್ದ ಫೋನು ಟಣ್ ಟಣ್ ಎಂದು ಮೆಸೇಜು ತಂದು ಸುರಿಯಿತು.

ಎರಡೂ ಕೈ ಬಿಡುವಾಗಲೆಂದು ಹುಡುಗಿ ಫೋನನ್ನು ಕಿಟಕಿಗೆ ಒರಗಿಸಿಟ್ಟಳು. ಅಕ್ಕ ಪರದೆಯ ಮೇಲೆ ಬಂದಳು. ಶುರುವಾಯಿತು ನೋಡಿ! ನಾಲ್ಕು ಕೈಗಳೂ ಬಿರುಸಾದವು. ಹುಡುಗಿ ಹಣೆ ಹಣೆ ಚಚ್ಚಿಕೊಂಡಳು. ಮೇಲೆ ಹತ್ತಿ ಬಂದಿದ್ದ ಓನರಮ್ಮ ಗಾಬರಿಯಾದರು.

"ಅಯ್ಯೋ, ಯಾಕವ್ವ ಇಂಗ್ ಜಗಳ ಆಡ್ತವ್ರೆ?"

ಏನೆಂದು ನಾನೂ ಸನ್ನೆಯಲ್ಲಿ ಕೇಳಿದೆ. ಹುಡುಗಿ ಫೋನು ಎತ್ತಿಕೊಂಡು ಸರಸರನೆ ಟೈಪ್ ಮಾಡಿ ನನಗೆ ತೋರಿಸಿದಳು: "ಅಮ್ಮ ಇಳಕಲ್ ಸೀರೆ ಅವಳಿಗೆ ಕೊಟ್ಟಿದ್ದಾಳೆ. ನನಗೆ ಯಾರೂ ಹೇಳಿಲ್ಲ." ಫೋನು ಮತ್ತೆ ಕಿಟಕಿಗೆ ಹೋಯಿತು.

ಓನರಮ್ಮನಿಗೆ ಹೇಳಿದೆ. ಅವರು ಮೊಣಕಾಲು ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತರು.

"ಸೀರೆ ಇಸ್ಯ ಬೇಗ ಮುಗಿಯಾಕಿಲ್ಲ ಬುಡು," ಎಂದರು. ಅವರಿಗೂ ಚಂದಾಪುರದಲ್ಲಿ ಒಬ್ಬ ತಂಗಿಯಿದ್ದಳು.

ನಾನೂ ಪಕ್ಕದಲ್ಲಿ ಕೂತೆ. ಒಂದು ಮಾತೂ ಅರ್ಥವಾಗದಿದ್ದರೂ ಎದ್ದು ಹೋಗಲು ನಮ್ಮಿಬ್ಬರಿಗೂ ಮನಸ್ಸಾಗಲಿಲ್ಲ. ಕೊನೆಗೆ ಅಕ್ಕ ಮೂಗಿನ ಹತ್ತಿರ ಬೆರಳು ತಂದು ಏನೋ ಅಂದಳು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಏನಂದಳೆಂದು ನಾವು ಕೇಳಲಿಲ್ಲ.