ದೊಡ್ಡ ಹೊಟ್ಟೆಯ ಟಾಕಿ

ಅಂದು ಬೆಳಿಗ್ಗೆಯೂ ಚಹಾ ಇಳಿಸಿ, ಮೆಟ್ಟಿಲಿಳಿಯಲಾಗದ ಅತ್ತೆಯ ಸ್ನಾನಕ್ಕೆ ಬಕೆಟ್ ಹೊತ್ತು ಮಹಡಿ ಹತ್ತಿದೆ. ಮಹಾಂತೇಶ ನಗರದ ನಮ್ಮ ಮನೆಯ ಮೇಲ್ಮಹಡಿಯ ಶವರಿನಲ್ಲಿ ನೀರು ಹನಿಯುತ್ತದೆ, ಸುರಿಯುವುದಿಲ್ಲ. ಅದಕ್ಕೆಂದೇ ನನ್ನ ಎಂಜಿನಿಯರ್ ಮೈದುನ ಆ ದಿನ ತಾರಸಿಯಲ್ಲಿ ಹಳೆಯ ನೀರಿನ ಟಾಕಿ ತೆಗೆಸಿ, ಅದಕ್ಕಿಂತ ದಪ್ಪನೆಯದನ್ನು ಕೂರಿಸಿದ.

"ಒತ್ತಡ ಬರೂದು ಎತ್ತರದಿಂದ, ಹೊಟ್ಟಿಯಿಂದಲ್ಲ. ಇಟ್ಟಂಗಿ ಕಟ್ಟಿ ಕಟ್ಟಿಸಿ ಅದರ ಮ್ಯಾಲ ಏರಸಪಾ," ಎಂದೆ. ನಾನು ಓದಿದ ಕಾನ್ವೆಂಟ್ ಶಾಲೆಯ ಸಿಸ್ಟರ್ ತೂತು ಕೊರೆದ ಡಬ್ಬಿಯಲ್ಲಿ ಇದನ್ನು ನಮಗೆ ತೋರಿಸಿದ್ದರು.

"ವೈನಿ, ನೀವು ಸಾರಿನ ಉಪ್ಪು ನೋಡ್ರಿ," ಎಂದು ನಕ್ಕು ಶವರ್ ತಿರುಗಿಸಿದ. ಅದೇ ಹನಿ. "ಇನ್ನೂ ದೊಡ್ಡದು ತರಬೇಕಿತ್ತು," ಎಂದ. ಇಂಥ ಬುದ್ಧಿಗೆ ಪದವಿ ಕೊಟ್ಟವರಿಗೆ ಕೈಮುಗಿದು, ನಾನು ಮತ್ತೆ ಬಕೆಟ್ ತುಂಬಿಸಿದೆ.

ಸಂಜೆ ಬಾಜು ಮನೆಯಾಕೆ ಒಣಗಿದ ಬಟ್ಟೆ ತೆಗೆಯುತ್ತ ನಮ್ಮ ತಾರಸಿ ನೋಡಿದರು: "ಭಾರೀ ಟಾಕಿ ತಂದೀರಲ್ರಿ! ಮತ್ತ ಯಾಕ ಹಂಗ ನೆಲಕ್ಕ ಕುಂದ್ರಿಸೀರಿ, ಎತ್ತಿ ಇಡಾಕ ಮಂದಿ ಸಿಗ್ಲಿಲ್ಲೇನು?"