ಬಾಣಂತಿಗೆ ನೀರು ಕುಡಿಸಿದ್ದು

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಾನು ಹೊನ್ನಾವರದ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಊರು ಕುಮಟಾ, ಕೆಲಸ ಕಲಿತದ್ದು ಮುಂಬಯಿಯಲ್ಲಿ, ಸಿಟ್ಟು ಹುಟ್ಟಿನಿಂದಲೇ ಬಂದದ್ದು. ಸಲ್ಫಾ ಮಾತ್ರೆ ನಮ್ಮ ಕಡೆಗೆ ಆಗಷ್ಟೇ ಬರತೊಡಗಿತ್ತು. ಅದಕ್ಕೆ ಮೊದಲು ಹೆರಿಗೆಯ ನಂತರದ ನಂಜಿನ ಜ್ವರಕ್ಕೆ ನಮ್ಮ ಕೈಯಲ್ಲಿ ಮದ್ದೆಂಬುದೇ ಇರಲಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದೆವು, ಅಷ್ಟೇ.

ಮಾವಿನಕುರ್ವೆಯಿಂದ ಕರೆ ಬಂದಾಗ ಡಾಕ್ಟರರೂ ನಾನೂ ದೋಣಿಯಲ್ಲಿ ಹೋದೆವು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಹುಡುಗಿ, ಹೆತ್ತು ಕೆಲವೇ ದಿನವಾಗಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ಡಾಕ್ಟರರು ಅವಳ ತಾಯಿಯ ಕೈಗೆ ಮಾತ್ರೆಯ ಪೊಟ್ಟಣ ಕೊಟ್ಟು, ಹೊತ್ತು ತಪ್ಪಿಸದೆ ನುಂಗಿಸಬೇಕು, ನೀರು ಧಾರಾಳವಾಗಿ ಕುಡಿಸಬೇಕು ಎಂದರು. ತಾಯಿ ಎಲ್ಲದಕ್ಕೂ ತಲೆಯಾಡಿಸಿದರು.

ಆ ಮಾತ್ರೆಯ ಗುಣ ದೊಡ್ಡದು, ಕಾಟವೂ ಸಣ್ಣದಲ್ಲ. ಹೊಟ್ಟೆ ತೊಳಸುತ್ತದೆ, ಕೆಲವರಿಗೆ ಮೈಮೇಲೆ ದದ್ದು ಏಳುತ್ತದೆ. ನೀರು ಸಾಲದಿದ್ದರೆ ಮೂತ್ರಪಿಂಡದಲ್ಲಿ ಹರಳುಗಟ್ಟಿ ಮೂತ್ರವನ್ನೇ ನಿಲ್ಲಿಸಿಬಿಡುತ್ತದೆ.

ಮರುದಿನ ಬೆಳಿಗ್ಗೆ ಒಬ್ಬಳೇ ಹೋದೆ. ಹುಡುಗಿ ಸೊಂಟ ಹಿಡಿದುಕೊಂಡು ನರಳುತ್ತಿದ್ದಳು. ಮೂತ್ರ ಹೋಗಿದ್ದು ಸ್ವಲ್ಪ, ಅದೂ ಕೆಂಪಗೆ. ತಲೆದೆಸೆಯಲ್ಲಿ ಹಿಂದಿನ ದಿನ ನಾನು ನೀರು ತುಂಬಿಸಿಟ್ಟ ತಂಬಿಗೆ ಮಾತ್ರ ಖಾಲಿ. ಅಷ್ಟು ನೀರು ಕುಡಿದವಳ ತುಟಿ ಹೀಗೆ ಬಿರುಕು ಬಿಡುತ್ತದೆಯೇ? ಕೇಳಿದರೆ ಅವಳು ತಾಯಿಯ ಮುಖ ನೋಡಿದಳು.

ತಾಯಿ ಸುಳ್ಳು ಹೇಳಲಿಲ್ಲ. "ನಾನೇ ಚೆಲ್ಲಿದೆ ಬಾಯೋರೇ. ಹಸಿ ಬಾಣ್ತಿಗೆ ನೀರು ಕೊಡೂಕಾಗ್ತದ್ಯಾ?" ಎಂದರು.

ನಮ್ಮ ಮನೆಯಲ್ಲೂ ಇದೇ ಕ್ರಮ. ಬಾಣಂತಿಗೆ ಕಾಳುಮೆಣಸಿನ ಸಾರು, ಬಿಸಿ ಅನ್ನ, ಬಾಯಿ ತೇವವಾಗುವಷ್ಟು ಜೀರಿಗೆ ಕಷಾಯ. ನೀರು ಕುಡಿದರೆ ಮೈ ಊದುತ್ತದೆ, ಹೊಟ್ಟೆ ಇಳಿಯುವುದಿಲ್ಲ ಎಂಬ ಹೆದರಿಕೆ. ಮಾತ್ರೆಯನ್ನು ಆ ತಾಯಿ ಹೊತ್ತಿಗೆ ಸರಿಯಾಗಿ ನುಂಗಿಸಿದ್ದರು, ಪದ್ಧತಿಯನ್ನೂ ಬಿಟ್ಟಿರಲಿಲ್ಲ. ಎರಡೂ ಸೇರಿ ಮಗಳ ಜೀವಕ್ಕೆ ಮುಳುವಾಗಿತ್ತು. ಮೂತ್ರ ತಿಳಿಯಾಗದೆ ಮುಂದಿನ ಮಾತ್ರೆ ಕೊಡುವಂತಿರಲಿಲ್ಲ, ಕೊಡದೆ ತಡಮಾಡಿದಷ್ಟೂ ನಂಜು ಏರುತ್ತದೆ. ನನಗೆ ಸಿಟ್ಟು ನೆತ್ತಿಗೇರಿತು, ಹೆದರಿಕೆಯೂ ಆಯಿತು. ಈ ಹುಡುಗಿಯನ್ನು ಬಿಟ್ಟುಕೊಡುವುದಿಲ್ಲ ಎಂದು ಅಲ್ಲೇ ಹಟ ಹಿಡಿದೆ.

"ಅಮ್ಮಾ, ಮಾತ್ರೆ ಅರ್ಧ ಮದ್ದು, ನೀರು ಇನ್ನರ್ಧ. ಅರ್ಧ ಮದ್ದು ಕೊಡೂದಾದ್ರೆ ನಂಗೆ ಮಾತ್ರೆ ವಾಪಸ್ ಕೊಡಿ," ಎಂದು ಕೈ ಚಾಚಿದೆ.

ಅವರು ಪೊಟ್ಟಣವನ್ನು ಸೆರಗಿನೊಳಗೆ ಬಿಗಿಯಾಗಿ ಹಿಡಿದುಕೊಂಡರು. ನನ್ನ ಕೈ ಚಾಚಿಯೇ ಇತ್ತು. ಕೊನೆಗೆ, ಏನಾದರೂ ಹೆಚ್ಚುಕಮ್ಮಿಯಾದರೆ ಊರಿಗೆಲ್ಲ ನನ್ನ ಹೆಸರೇ ಹೇಳಿ ಎಂದೆ. ಆಗ ಅವರು ಅಡುಗೆಮನೆಯ ಬಾಗಿಲು ಬಿಟ್ಟು ಸರಿದು ನಿಂತರು.

ನಾನೇ ಒಲೆ ಹಚ್ಚಿ ನೀರು ಕುದಿಸಿ ಆರಿಸಿದೆ, ಹರಳು ಕರಗಲೆಂದು ಡಾಕ್ಟರರು ಕೊಟ್ಟ ಸೋಡಾಪುಡಿ ಬೆರೆಸಿದೆ. ಹುಡುಗಿ ಮೊದಲ ಲೋಟವನ್ನು ಉಸಿರು ಬಿಡದೆ ಕುಡಿದು ಮತ್ತೆ ಲೋಟ ಚಾಚಿದಳು. ಹಗಲಿಡೀ ಅವಳ ಪಕ್ಕದಿಂದ ಏಳಲಿಲ್ಲ. ವಾಂತಿ ಮಾಡಿದಾಗ ಬಾಯಿ ಒರೆಸಿ ಮತ್ತೆ ಕುಡಿಸಿದೆ. ಅಕ್ಕಪಕ್ಕದ ಹೆಂಗಸರು ಬಾಗಿಲಲ್ಲಿ ಬಂದು ನಿಂತು, ನರ್ಸಬಾಯಿ ಬಾಣಂತಿಯನ್ನು ಕೊಲ್ಲುತ್ತಿದ್ದಾಳೆ ಎಂದು ನನಗೆ ಕೇಳುವಂತೆಯೇ ಆಡಿಕೊಂಡರು. ಆಡಿಕೊಳ್ಳಲಿ ಎಂದು ಇನ್ನೊಂದು ಲೋಟ ಬಗ್ಗಿಸಿದೆ. ಸಂಜೆಯ ಹೊತ್ತಿಗೆ ಮೂತ್ರ ತಿಳಿಯಾಯಿತು. ಮುಂದಿನ ಮಾತ್ರೆಯನ್ನು ತಾಯಿಯ ಕೈಯಿಂದಲೇ ಕೊಡಿಸಿದೆ, ನೀರನ್ನೂ.

ಕೆಲವು ದಿನಗಳಲ್ಲಿ ಜ್ವರ ಬಿಟ್ಟಿತು. ಉಳಿದ ಮಾತ್ರೆಯನ್ನು ಇನ್ನು ಯಾರಿಗಾದರೂ ಬೇಕಾದೀತೆಂದು ತಾಯಿ ಅಕ್ಕಿ ಮಡಕೆಯಲ್ಲಿ ಅಡಗಿಸಿಟ್ಟಿದ್ದರು. ಅದಕ್ಕೂ ಜಗಳವಾಡಿದೆ. ಅರ್ಧಕ್ಕೆ ಬಿಟ್ಟರೆ ಸಾಯದೆ ಉಳಿದ ರೋಗಾಣು ಮದ್ದಿಗೆ ಒಗ್ಗಿಕೊಳ್ಳುತ್ತದೆ, ಮತ್ತೆ ಬಂದಾಗ ಇದೇ ಮಾತ್ರೆ ನಾಟುವುದಿಲ್ಲ ಎಂದು ಡಾಕ್ಟರರು ಹೇಳಿದ್ದನ್ನು ತಿಳಿಸಿದೆ. ಈ ಸಲ ಅವರು ಮರುಮಾತಾಡದೆ ಮಡಕೆಗೆ ಕೈ ಹಾಕಿದರು.

ಕೊನೆಯ ಮಾತ್ರೆ ಮುಗಿದ ದಿನ ಹುಡುಗಿ ಎದ್ದು ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು. ನನಗಾದ ಸಂತೋಷ ಹೇಳಿ ತೀರದು. ಹೊರಗೆ ಬಂದರೆ ತಾಯಿ ಜಗಲಿಯಲ್ಲಿ ಕೂತು ಅಳುತ್ತಿದ್ದರು. ಮಗಳು ಗೆದ್ದಳಲ್ಲ, ಇನ್ನೇಕೆ ಅಳು ಎಂದು ಕೇಳಿದೆ.

"ಇವಳ ಅಕ್ಕನೂ ಇದೇ ಜ್ವರದಾಗೆ ಹೋದ್ಲು. ನೀರು ನೀರು ಅಂತಿದ್ಲು. ನಾ ಕೊಡ್ಲಿಲ್ಲ."

ನಾನು ಪಕ್ಕದಲ್ಲಿ ಕೂತೆ. ಆಗ ಈ ಮಾತ್ರೆ ಇರಲಿಲ್ಲ, ನೀರು ಕೊಟ್ಟಿದ್ದರೂ ಅವಳು ಉಳಿಯುತ್ತಿರಲಿಲ್ಲ ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವೇ ಅದು.

"ಉಳೀತಿರ್ಲಿಲ್ಲ, ಆತು," ಎಂದರು ಅವರು. "ಕೊಟ್ಟಿದ್ರೆ ಬಾಯಾರಿಕೊಂಡಾದ್ರೂ ಹೋಗ್ತಿರ್ಲಿಲ್ಲ."

ಆಮೇಲೆ ಭಟ್ಕಳದಿಂದ ಕುಮಟಾವರೆಗೆ ಎಷ್ಟೋ ಬಾಣಂತಿಯರ ಕೋಣೆಗೆ ಹೋಗಿದ್ದೇನೆ. ಮಾತ್ರೆಯ ಮಾತು ಆಮೇಲೆ, ಮೊದಲು ಅವಳ ಕೈಗೆ ನೀರು ಕೊಡುತ್ತಿದ್ದೆ. ಮನೆಯವರು ಅಡ್ಡ ಬಂದರೆ ಜಗಳಕ್ಕೂ ನಿಲ್ಲುತ್ತಿದ್ದೆ.